ಥರ್ಮಾಮೀಟರ್ ಹೇಳದ ಜ್ವರ

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿಯ ಅಂಗಳದಲ್ಲಿ ರೈತರು ಮತ್ತು ಕೆಲವು ಪಶುವೈದ್ಯಕೀಯ ವಿದ್ಯಾರ್ಥಿಗಳು ಸೇರಿದ್ದ ಸಂಜೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಂದು ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಾಲು ಹಾಕಿ, ಕ್ಯಾನು ತೊಳೆದು, ಮನೆಗೆ ಹೊರಡಬೇಕಾದ ಹೊತ್ತಿನಲ್ಲಿ ನನಗಾಗಿ ಕುಳಿತಿದ್ದೀರಿ. ಕೊಟ್ಟಿಗೆಯ ಕೆಲಸ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಪೀಠಿಕೆ ಹಾಕದೆ ಒಂದು ಕರುವಿನ ವಿಷಯಕ್ಕೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಪಾಂಡವಪುರದ ಕಡೆಯ ಹಳ್ಳಿ. ಸೀಮೆಹಸುವಿನ ಹೆಣ್ಣುಕರು, ಹುಟ್ಟಿ ಮೂರು ದಿನವಾಗಿತ್ತು. ಮನೆಯ ಯಜಮಾನಿ ಬಂದು, "ಕರು ಯಾಕೋ ಸಪ್ಪಗಿದೆ, ಮೊಲೆಗೆ ಬಾಯಿ ಹಾಕುತ್ತಿಲ್ಲ, ಒಂದು ಗಳಿಗೆ ಬಂದು ನೋಡಿ ಡಾಕ್ಟರೇ" ಎಂದರು. ಹೋದೆ. ಥರ್ಮಾಮೀಟರ್ ಇಟ್ಟೆ. 101 ಡಿಗ್ರಿ ಫ್ಯಾರನ್‌ಹೀಟ್. ಎಳೆಗರುವಿಗೆ 101ರಿಂದ 103ರವರೆಗೆ ಸಹಜ ಎಂದು ಓದಿ ಬಂದಿದ್ದೆ. "ಜ್ವರ ಇಲ್ಲ ತಾಯಿ, ಗಾಬರಿ ಬೇಡ, ನಾಳೆ ನೋಡೋಣ" ಎಂದು ಹೇಳಿ ಬಂದೆ. ಮರುದಿನ ಬೆಳಿಗ್ಗೆ ಕರು ಸತ್ತಿತ್ತು. ಹೊಕ್ಕುಳ ಬಳ್ಳಿಯ ಬುಡ ಹೆಬ್ಬೆರಳಿನಷ್ಟು ದಪ್ಪವಾಗಿ ಊದಿತ್ತು. ಒತ್ತಿದರೆ ಕೀವು ಬಂತು. ಹಿಂದಿನ ದಿನ ನಾನು ಆ ಜಾಗವನ್ನು ಮುಟ್ಟಿಯೂ ನೋಡಿರಲಿಲ್ಲ. ಆ ತಾಯಿ ನನ್ನನ್ನು ಬೈಯಲಿಲ್ಲ. "ಜ್ವರ ಇಲ್ಲ ಅಂದಿರಲ್ಲ ಡಾಕ್ಟರೇ" ಎಂದಷ್ಟೇ ಹೇಳಿದರು.

ಆ ಒಂದು ಮಾತಿಗೆ ಉತ್ತರ ಹುಡುಕುವುದರಲ್ಲಿ ನನ್ನ ಬಹುಪಾಲು ವೃತ್ತಿ ಕಳೆಯಿತು. ಅಷ್ಟು ಸೋಂಕು ಒಳಗಿದ್ದೂ ಕರುವಿಗೆ ಜ್ವರ ಏಕೆ ಬರಲಿಲ್ಲ? ಜ್ವರ ಬರದಿದ್ದರೆ ಬೇರೆ ಯಾವ ದಾರಿಯಲ್ಲಿ ಅದು ನಮಗೆ ಹೇಳುತ್ತಿತ್ತು?

ದೇಹದಲ್ಲಿ ನಮ್ಮನ್ನು ಕೇಳದೆ ನಡೆಯುವ ಕೆಲಸಗಳಿವೆ. ಹೃದಯ ಬಡಿಯುವುದು, ಉಸಿರಾಡುವುದು, ಕರುಳು ಚಲಿಸುವುದು, ಚಳಿಗೆ ಚರ್ಮದ ರಕ್ತನಾಳಗಳು ಮುದುಡುವುದು, ಸೆಕೆಗೆ ಅರಳುವುದು. ಇವನ್ನೆಲ್ಲ ನೋಡಿಕೊಳ್ಳುವ ನರಗಳ ಜಾಲಕ್ಕೆ ಸ್ವಾಯತ್ತ ನರಮಂಡಲ ಎಂದು ಹೆಸರು. ಹೆಸರು ಹೊಸದಾದರೂ ಕೆಲಸ ನಿಮಗೆ ಗೊತ್ತಿರುವುದೇ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟಾಗ ನಿಮ್ಮೂರಿನ ನೀರುಗಂಟಿ ಏನು ಮಾಡುತ್ತಾನೆ? ಯಾವ ತೂಬು ತೆರೆಯಬೇಕು, ಯಾವುದನ್ನು ಮುಚ್ಚಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ರಾತ್ರಿಯೆಲ್ಲ ಲಾಟೀನು ಹಿಡಿದು ಓಡಾಡುತ್ತಾನೆ. ನೀವು ಮನೆಯಲ್ಲಿ ಮಲಗಿರುತ್ತೀರಿ, ಬೆಳಿಗ್ಗೆ ಗದ್ದೆ ತುಂಬಿರುತ್ತದೆ. ಸ್ವಾಯತ್ತ ನರಮಂಡಲ ದೇಹದ ನೀರುಗಂಟಿ.

ಈ ನೀರುಗಂಟಿಗೆ ಎರಡು ಕೈ. ಒಂದಕ್ಕೆ ಸಿಂಪಥೆಟಿಕ್ ಎನ್ನುತ್ತಾರೆ. ಅದು ಹೃದಯದ ವೇಗ ಹೆಚ್ಚಿಸುತ್ತದೆ, ಚರ್ಮದ ರಕ್ತನಾಳಗಳನ್ನು ಬಿಗಿಮಾಡುತ್ತದೆ, ದೇಹವನ್ನು ಕಾವೇರಿಸುತ್ತದೆ. ಇನ್ನೊಂದು ಪ್ಯಾರಾಸಿಂಪಥೆಟಿಕ್, ಅದರ ಮುಖ್ಯ ನರ ವೇಗಸ್. ಮಿದುಳಿನ ಬುಡದಲ್ಲಿ ಹುಟ್ಟಿ, ಕತ್ತಿನಲ್ಲಿ ಇಳಿದು, ಹೃದಯ, ಶ್ವಾಸಕೋಶ, ಹೊಟ್ಟೆಗಳನ್ನು ಮುಟ್ಟುವ ಉದ್ದನೆಯ ನರ. ಅದು ಹೃದಯವನ್ನು ನಿಧಾನಗೊಳಿಸುತ್ತದೆ, ಜೀರ್ಣಕ್ರಿಯೆಯನ್ನು ನಡೆಸುತ್ತದೆ. ಎಳೆಯ ಪ್ರಾಣಿಗಳಲ್ಲಿ ವೇಗಸ್ಸಿನ ಕೈ ಬಲು ಚುರುಕು. ಇನ್ನೊಂದು ಕೈ ಹಲವು ಜಾತಿಯ ಮರಿಗಳಲ್ಲಿ ಹುಟ್ಟಿದ ಮೇಲೆಯೇ ಪಳಗಬೇಕು. ಕರು, ಕುರಿಮರಿ ಹುಟ್ಟಿದ ಗಂಟೆ ಎರಡು ಗಂಟೆಯಲ್ಲಿ ಎದ್ದು ನಿಲ್ಲುವ ಮರಿಗಳಾದ್ದರಿಂದ ಸ್ವಲ್ಪ ಮುಂದೆ ಇರುತ್ತವೆ. ಕಣ್ಣು ಮುಚ್ಚಿಕೊಂಡೇ ಹುಟ್ಟುವ ನಾಯಿಮರಿ, ಮೊಲದ ಮರಿಗಳು ಬಹಳ ಹಿಂದೆ.

ಧನುರ್ಮಾಸದ ಬೆಳಗಿನ ಜಾವ ಮಳವಳ್ಳಿ ಸೀಮೆಯಲ್ಲಿ ಬಂಡೂರು ಕುರಿಯೊಂದು ಈಯುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ತಾಯಿಯ ಗರ್ಭದಲ್ಲಿ 39 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ನೀರಿನಲ್ಲಿದ್ದ ಮರಿ, ಒದ್ದೆ ಮೈಯಲ್ಲಿ ಮಂಜು ಸುರಿಯುವ ನೆಲಕ್ಕೆ ಬೀಳುತ್ತದೆ. ಕೈಯಲ್ಲಿ ಎತ್ತಿಕೊಂಡರೆ ಮೂಳೆಯ ಮೇಲೆ ತೆಳುವಾದ ಒದ್ದೆ ಚರ್ಮ, ಒಳಗೆ ಗುಬ್ಬಿಯ ಹಾಗೆ ಹೊಡೆದುಕೊಳ್ಳುವ ಎದೆ. ಆ ಗಳಿಗೆಯಲ್ಲಿ ಅದನ್ನು ಉಳಿಸುವುದು ಮೂತ್ರಪಿಂಡದ ಸುತ್ತ ಅಂಟಿಕೊಂಡಿರುವ ಒಂದು ಹಿಡಿ ಕಂದು ಕೊಬ್ಬು. ಸಿಂಪಥೆಟಿಕ್ ನರದ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ಸಂದೇಶ ವಸ್ತು ಬಂದು ತಾಕಿದೊಡನೆ ಈ ಕೊಬ್ಬು ನಡುಗದೆಯೇ ಉರಿದು ಶಾಖ ಕೊಡುತ್ತದೆ. ಕರುವಿಗೂ ಇದು ಉಂಟು. ಕೆಲವು ವಾರಗಳಲ್ಲಿ ಈ ಕಂದು ಕೊಬ್ಬು ಸಾಮಾನ್ಯ ಬಿಳಿ ಕೊಬ್ಬಾಗಿ ಮಾರ್ಪಡುತ್ತದೆ. ಹಂದಿಮರಿಗೆ ಮಾತ್ರ ಈ ಭಾಗ್ಯವಿಲ್ಲ. ಕಂದು ಕೊಬ್ಬನ್ನು ಉರಿಸುವ ಜೀನು ಹಂದಿಯ ವಂಶದಲ್ಲಿ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಅದಕ್ಕೇ ಹಂದಿಮರಿಗಳು ಹುಟ್ಟಿದ ತಕ್ಷಣ ನಡುಗುತ್ತವೆ, ಒಂದರ ಮೇಲೊಂದು ಬಿದ್ದು ಮಲಗುತ್ತವೆ.

ಹೀಗೆ ಮೈ ಬೆಚ್ಚಗಿಡಲು ಇರುವ ಬಂಡವಾಳವೇ ಸ್ವಲ್ಪ. ಅಂಥ ಮರಿಗೆ ಸೋಂಕು ತಗುಲಿದರೆ ಏನಾಗುತ್ತದೆ ಎಂಬುದು ಇಂದಿನ ಮಾತಿನ ತಿರುಳು.

ಮೊದಲು ಜ್ವರ ಹೇಗೆ ಬರುತ್ತದೆ ಎಂದು ತಿಳಿಯೋಣ. ರೋಗಾಣುವಿನ ಗೋಡೆಯ ಚೂರುಗಳು ರಕ್ತಕ್ಕೆ ಸೇರುತ್ತವೆ. ಕಾವಲಿಗಿರುವ ಬಿಳಿ ರಕ್ತಕಣಗಳು ಅವನ್ನು ಕಂಡು ಇಂಟರ್‌ಲ್ಯೂಕಿನ್ ಎಂಬ ಸಂದೇಶ ವಸ್ತುಗಳನ್ನು ಬಿಡುತ್ತವೆ. ಆ ಸಂದೇಶ ಮಿದುಳಿನ ರಕ್ತನಾಳಗಳ ಒಳಗೋಡೆಯನ್ನು ಮುಟ್ಟಿದಾಗ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಮಿದುಳಿನೊಳಗಿನ ಹೈಪೋಥಲಮಸ್ ಎಂಬ ಭಾಗದ ಮುಂಬದಿಗೆ ಇಳಿದು, ಅಲ್ಲಿ ಕುಳಿತ ಶಾಖದ ಲೆಕ್ಕಿಗನಿಗೆ "ಇನ್ನು ಮೇಲೆ 104 ಸಹಜ" ಎಂದು ಹೇಳುತ್ತದೆ. ಆಗ ನೀರುಗಂಟಿ ಹೊರಡುತ್ತಾನೆ. ಚರ್ಮದ ತೂಬು ಮುಚ್ಚುತ್ತಾನೆ. ಕಿವಿ, ಕಾಲು ತಣ್ಣಗಾಗುತ್ತವೆ. ಕಂದು ಕೊಬ್ಬಿಗೆ ಬೆಂಕಿ ಹಚ್ಚುತ್ತಾನೆ. ಮೈ ನಡುಗುತ್ತದೆ. ಜ್ವರ ಏರುತ್ತದೆ. ಎಂದರೆ ಜ್ವರ ಮಿದುಳು ಹೊರಡಿಸುವ ಆಜ್ಞೆ. ಅದನ್ನು ಜಾರಿಗೆ ತರುವುದು ಸ್ವಾಯತ್ತ ನರಗಳು. ಆಸ್ಪಿರಿನ್ ಈ ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು.

ಜ್ವರ ಕೆಡುಕು ಎಂದೇ ಎಲ್ಲರೂ ಎಣಿಸುತ್ತೇವೆ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಮರುಭೂಮಿಯ ಇಗ್ವಾನಾ ಹಲ್ಲಿಗಳಿಗೆ ರೋಗಾಣು ಚುಚ್ಚಿ ಬೇರೆ ಬೇರೆ ಶಾಖದಲ್ಲಿ ಇಟ್ಟು ನೋಡಿದರು. ಮೈ ಬಿಸಿ ಏರಿಸಿಕೊಂಡ ಹಲ್ಲಿಗಳು ಹೆಚ್ಚು ಬದುಕಿದವು. ಜ್ವರಕ್ಕೆ ಬೆಲೆಯುಂಟು. ಆದರೆ ಖರ್ಚೂ ಉಂಟು: ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಉರುವಲಿನ ಖರ್ಚು ಸುಮಾರು ಶೇಕಡಾ 10ರಷ್ಟು ಏರುತ್ತದೆ. ದೊಡ್ಡ ಹಸುವಿಗೆ ಆ ಖರ್ಚು ತಡೆದುಕೊಳ್ಳುವ ಶಕ್ತಿ ಇದೆ. ಮೂರು ದಿನದ ಕರುವಿಗೆ ಎಲ್ಲಿಂದ ಬರಬೇಕು?

ಹೊಸದಾಗಿ ಹುಟ್ಟಿದ ಕುರಿಮರಿಗಳಿಗೆ ರೋಗಾಣುವಿನ ವಿಷವನ್ನು ಸೂಕ್ಷ್ಮ ಪ್ರಮಾಣದಲ್ಲಿ ಕೊಟ್ಟು ನೋಡಿದ ಪ್ರಯೋಗಗಳು 1970ರ ದಶಕದಲ್ಲಿ ನಡೆದವು. ಬೆಳೆದ ಕುರಿಗೆ ಅಷ್ಟೇ ವಿಷ ಕೊಟ್ಟರೆ ಜ್ವರ ಬರುತ್ತದೆ. ಎಳೆಮರಿಗೆ ಮೊದಲ ಸಲ ಬರಲಿಲ್ಲ. ಇನ್ನೂ ವಿಚಿತ್ರವೆಂದರೆ, ಈಯಲು ಒಂದೆರಡು ದಿನ ಇರುವ ತಾಯಿ ಕುರಿಗೂ ಜ್ವರ ಬರುವುದು ಕಡಿಮೆಯಾಗುತ್ತದೆ ಎಂದು 1978ರಲ್ಲಿ ಕೆನಡಾದವರು ಕಂಡುಕೊಂಡರು. ವಾಸೊಪ್ರೆಸಿನ್ ಎಂಬ ಹಾರ್ಮೋನು ಮಿದುಳಿನ ಒಳಗೇ ಜ್ವರವನ್ನು ಅದುಮುತ್ತಿತ್ತು. ಹೆರಿಗೆಯ ಹೊತ್ತಿನಲ್ಲಿ ತಾಯಿ ಮರಿ ಇಬ್ಬರನ್ನೂ ಹೆಚ್ಚಿನ ಬಿಸಿಯಿಂದ ಕಾಯುವ ಉಪಾಯ ಇದು ಎಂದು ನನಗೆ ಅನ್ನಿಸುತ್ತದೆ. ನಿಸರ್ಗ ಕಾಪಾಡಲು ಮಾಡಿದ ಆ ಏರ್ಪಾಡೇ ನಮ್ಮಂಥ ವೈದ್ಯರ ಕಣ್ಣಿಗೆ ಮಣ್ಣೆರಚುತ್ತದೆ.

1976ರ ಇನ್ನೊಂದು ಪ್ರಯೋಗ ನನಗೆ ಬಹಳ ಪ್ರಿಯ. ಹುಟ್ಟಿದ ಮೊಲದ ಮರಿಗಳಿಗೆ ಜ್ವರ ಬರಿಸುವ ವಸ್ತು ಚುಚ್ಚಿದರು. ಸಾಧಾರಣ ಕೋಣೆಯಲ್ಲಿ ಇಟ್ಟಾಗ ಮರಿಗಳ ಮೈ ಬಿಸಿಯಾಗಲಿಲ್ಲ. ಅವೇ ಮರಿಗಳನ್ನು ಒಂದು ತುದಿ ತಂಪು, ಇನ್ನೊಂದು ತುದಿ ಬೆಚ್ಚಗೆ ಇರುವ ಉದ್ದನೆಯ ಜಾಗದಲ್ಲಿ ಬಿಟ್ಟರು. ಕಣ್ಣು ತೆರೆಯದ, ಸರಿಯಾಗಿ ತೆವಳಲೂ ಬಾರದ ಮರಿಗಳು ಹೆಚ್ಚು ಬೆಚ್ಚಗಿನ ಕಡೆಗೆ ಸರಿದು ಸರಿದು ಹೋಗಿ ತಮ್ಮ ಮೈಯನ್ನು ಜ್ವರದ ಮಟ್ಟಕ್ಕೆ ಏರಿಸಿಕೊಂಡವು. ಆಜ್ಞೆ ಮಿದುಳಿನಿಂದ ಹೊರಟಿತ್ತು. ಜಾರಿಗೆ ತರುವ ಕೈಗಳಿಗೆ ಶಕ್ತಿ ಇರಲಿಲ್ಲ, ಅಷ್ಟೆ. ಪಾಂಡವಪುರದ ಆ ಕರು ತಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಅದನ್ನು ನಾನು ಎಬ್ಬಿಸಿ ಥರ್ಮಾಮೀಟರ್ ಇಟ್ಟಿದ್ದೆ. ಆ ಪ್ರಯೋಗದ ವಿಷಯ ಓದುವಾಗ ನನಗೆ ನೆನಪಾದದ್ದು ಅದೇ.

ಆದ್ದರಿಂದ, ಎಳೆಗರುವಿನ ರಕ್ತದಲ್ಲಿ ನಂಜು ಏರಿದಾಗ ಥರ್ಮಾಮೀಟರ್ 104 ತೋರಿಸಬಹುದು, 101 ತೋರಿಸಬಹುದು, 98ಕ್ಕೆ ಇಳಿದಿರಲೂಬಹುದು. ಇಳಿದಿದ್ದರೆ ಏರಿದ್ದಕ್ಕಿಂತ ಹೆಚ್ಚು ಭಯಪಡಬೇಕು.

ಇನ್ನು ಉಸಿರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಇದು ನಿಮ್ಮ ಕೈಯಲ್ಲೇ ಇರುವ ವಿಷಯ.

ಜ್ವರ ತರುವ ಪ್ರೊಸ್ಟಾಗ್ಲಾಂಡಿನ್ ಇ2 ಮಿದುಳಿನಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ನರಕೋಶಗಳ ಗುಂಪು ಇದೆ. ಅಲ್ಲಿಗೂ ಅದು ತಲುಪುತ್ತದೆ. ಹೈಪೋಥಲಮಸ್ಸಿನಲ್ಲಿ ಬಿಸಿ ಏರಿಸುವ ಅದೇ ವಸ್ತು ಇಲ್ಲಿ ಉಸಿರನ್ನು ತಗ್ಗಿಸುತ್ತದೆ. ಗರ್ಭದಲ್ಲಿರುವಾಗ ಇದೇ ಅನುಕೂಲ: ಮಾಸಿನಿಂದ ಬರುವ ಪ್ರೊಸ್ಟಾಗ್ಲಾಂಡಿನ್ ಮರಿಯ ಉಸಿರಾಟದ ಚಲನೆಯನ್ನು ಅಡಗಿಸಿಟ್ಟಿರುತ್ತದೆ, ಹೊಕ್ಕುಳ ಬಳ್ಳಿ ಹರಿದ ಮೇಲೆ ಅದರ ಪ್ರಮಾಣ ಇಳಿಯುತ್ತದೆ, ಮರಿ ಉಸಿರು ಹಿಡಿಯುತ್ತದೆ. ಮನುಷ್ಯರ ಆಸ್ಪತ್ರೆಯಲ್ಲೂ ಇದಕ್ಕೆ ಸಾಕ್ಷಿ ಇದೆ. ಹುಟ್ಟಿನಿಂದ ಹೃದಯದ ದೋಷವಿರುವ ಕೆಲವು ಶಿಶುಗಳಿಗೆ ಒಂದು ರಕ್ತನಾಳವನ್ನು ತೆರೆದಿಡಲು ಪ್ರೊಸ್ಟಾಗ್ಲಾಂಡಿನ್ ಇ1 ಕೊಡುತ್ತಾರೆ. ಅಂಥ ಶಿಶುಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ಉಸಿರು ನಡುನಡುವೆ ನಿಲ್ಲುತ್ತದೆ. ಕೆಲವಕ್ಕೆ ಜ್ವರವೂ ಬರುತ್ತದೆ. 2007ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು ಎಳೆಯ ಇಲಿಮರಿಗಳಲ್ಲಿ ಈ ಕೊಂಡಿಯನ್ನು ಪೂರ್ತಿ ಬಿಡಿಸಿ ತೋರಿಸಿದರು. ಇಂಟರ್‌ಲ್ಯೂಕಿನ್ ಕೊಟ್ಟಾಗ ಮರಿಗಳ ಉಸಿರು ತಗ್ಗಿತು, ಆಮ್ಲಜನಕ ಕಡಿಮೆಯಾದಾಗ ಏದುಸಿರು ಬಿಟ್ಟು ಚೇತರಿಸಿಕೊಳ್ಳುವ ಶಕ್ತಿಯೂ ಕುಗ್ಗಿತು. ಪ್ರೊಸ್ಟಾಗ್ಲಾಂಡಿನ್ ಕೂರುವ ಜಾಗವೇ ಇಲ್ಲದಂಥ ಇಲಿಮರಿಗಳಿಗೆ ಅದೇ ಇಂಟರ್‌ಲ್ಯೂಕಿನ್ ಕೊಟ್ಟಾಗ ಉಸಿರು ಹಾಗೆ ತಗ್ಗಲಿಲ್ಲ.

ಎಂದರೆ, ಥರ್ಮಾಮೀಟರಿನ ಪಾದರಸ ಏರದೆ ಇರಬಹುದು, ಆದರೆ ಅದೇ ಕಾರಣದಿಂದ ಉಸಿರು ಕೆಟ್ಟಿರಬಹುದು. ಶ್ವಾಸಕೋಶದಲ್ಲಿ ಸೋಂಕು ಇರಲೇಬೇಕೆಂದಿಲ್ಲ. ಹೊಕ್ಕುಳಲ್ಲಿ ಇದ್ದರೂ ಸಾಕು.

ಇದರ ಜೊತೆಗೆ ಇನ್ನೊಂದು ಅಪಾಯವಿದೆ. ನಮ್ಮ ಮನೆಗಳಲ್ಲಿ ಗೊಟ್ಟ ಇದೆಯಲ್ಲ, ಬಿದಿರಿನ ಅಂಡೆಯನ್ನು ಓರೆಯಾಗಿ ಕತ್ತರಿಸಿದ್ದು. ಈಗ ಬಿದಿರು ಹೋಗಿ ಪ್ಲಾಸ್ಟಿಕ್ ಬಾಟಲಿ ಬಂದಿದೆ, ಕೆಲಸ ಅದೇ. ಕರು ಸೊರಗಿದೆ ಅನ್ನಿಸಿದರೆ ಬೆಳ್ಳುಳ್ಳಿ, ಮೆಣಸು, ವೀಳ್ಯದೆಲೆ ಅರೆದು, ನೀರಿನಲ್ಲಿ ಕದಡಿ, ಒಬ್ಬರು ಮೂತಿ ಎತ್ತಿ ಹಿಡಿದು, ನಾಲಗೆಯನ್ನು ಪಕ್ಕಕ್ಕೆ ಎಳೆದು, ಇನ್ನೊಬ್ಬರು ಗೊಟ್ಟದಲ್ಲಿ ಸುರಿಯುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆ ದ್ರವ ಗಂಟಲಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ತಿಳಿಯಬೇಕು.

ಧ್ವನಿಪೆಟ್ಟಿಗೆಯ ಬಾಗಿಲಲ್ಲಿ ಕಾವಲು ನರತುದಿಗಳಿವೆ. ನೀರೋ ಹಾಲೋ ಹೊಟ್ಟೆಯ ಹುಳಿಯೋ ಅಲ್ಲಿಗೆ ತಾಕಿದರೆ, ವೇಗಸ್ಸಿನ ಕವಲೊಂದು ಕೂಡಲೇ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ. ದೊಡ್ಡವರಾದರೆ ಕೆಮ್ಮಿ ಹೊರಹಾಕುತ್ತೇವೆ. ಎಳೆಮರಿಗಳಲ್ಲಿ ಕೆಮ್ಮು ಇನ್ನೂ ಬಲಿತಿರುವುದಿಲ್ಲ. ಅವು ಉಸಿರನ್ನೇ ನಿಲ್ಲಿಸುತ್ತವೆ, ಮತ್ತೆ ಮತ್ತೆ ನುಂಗುತ್ತವೆ, ಹೃದಯದ ಬಡಿತ ಇಳಿಯುತ್ತದೆ. ಕೆಲವು ಕ್ಷಣಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಆರೋಗ್ಯವಂತ ಮರಿ ಒಮ್ಮೆ ತಲೆ ಒದರಿ ಮತ್ತೆ ಉಸಿರಾಡುತ್ತದೆ. ಇದು ಶ್ವಾಸಕೋಶಕ್ಕೆ ನೀರು ಹೋಗದಂತೆ ಕಾಯುವ ಒಳ್ಳೆಯ ಏರ್ಪಾಡು. ಆದರೆ ಹಂದಿಮರಿಗಳ ಮೈ ಬಿಸಿ ಏರಿಸಿ ಗಂಟಲಿಗೆ ಒಂದು ತೊಟ್ಟು ನೀರು ಬಿಟ್ಟು ನೋಡಿದಾಗ ಉಸಿರು ನಿಲ್ಲುವ ಅವಧಿ ಬಹಳ ಉದ್ದವಾಯಿತು. ನಾಯಿಮರಿಗಳಲ್ಲಿಯೂ ಬಿಸಿ ಏರಿದಾಗ ಈ ಪ್ರತಿಕ್ರಿಯೆ ಜೋರಾಗುತ್ತದೆ. ಉಸಿರಾಟದ ವೈರಸ್ ತಗುಲಿದ ಕುರಿಮರಿಗಳಲ್ಲಿ ಇದು ಇನ್ನೂ ಹೆಚ್ಚಾಯಿತಲ್ಲದೆ, ನಿದ್ದೆಯಿಂದ ಎಚ್ಚೆತ್ತು ತಲೆ ಎತ್ತುವ ಶಕ್ತಿಯೇ ಕುಂದಿತು. ಉಸಿರು ನಿಂತಾಗ ಮರಿಯನ್ನು ಉಳಿಸುವುದು ಆ ಎಚ್ಚರವೇ.

ಈಗ ಯೋಚಿಸಿ. ಸೋಂಕಿನಿಂದ ಉಸಿರಿನ ಕೇಂದ್ರ ಮೊದಲೇ ಮಂಕಾಗಿದೆ. ಮೈ ಬಿಸಿಯಾಗಿದೆ. ನುಂಗುವ ಶಕ್ತಿ ಇಳಿದಿದೆ. ಅಂಥ ಕರುವಿನ ಮೂತಿ ಎತ್ತಿ ಅರ್ಧ ಲೀಟರ್ ಕಷಾಯ ಸುರಿದರೆ ಅದು ಎಲ್ಲಿಗೆ ಹೋದೀತು? "ಔಷಧಿ ಕುಡಿಸುತ್ತಿದ್ದಂತೆಯೇ ಕೈಯಲ್ಲೇ ಹೋಯಿತು" ಎಂದು ಕಣ್ಣೀರು ಹಾಕಿದವರನ್ನು ನಾನು ಕೆ.ಆರ್. ಪೇಟೆಯಲ್ಲೂ ಮದ್ದೂರಿನಲ್ಲೂ ಕಂಡಿದ್ದೇನೆ. ಉಳಿದ ಕರುಗಳಲ್ಲಿ ಕೆಲವು ಶ್ವಾಸಕೋಶಕ್ಕೆ ದ್ರವ ಇಳಿದು ನ್ಯುಮೋನಿಯಾದಿಂದ ವಾರದೊಳಗೆ ಹೋಗುತ್ತವೆ. ನಾಟಿ ಔಷಧಿಯ ಗುಣದೋಷದ ಚರ್ಚೆ ಇಲ್ಲಿ ಬೇಡ. ಹೀರದ ಕರುವಿನ ಬಾಯಿಗೆ ಯಾವ ದ್ರವವನ್ನೂ ಸುರಿಯಬೇಡಿ, ನಾವು ಕೊಟ್ಟ ಇಂಗ್ಲಿಷ್ ಔಷಧಿಯಾದರೂ ಸರಿ. ಇದನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಇಲ್ಲಿ ಎಳೆ ಮಕ್ಕಳ ತಾಯಂದಿರೂ ಕುಳಿತಿದ್ದೀರಿ. ಮನುಷ್ಯರ ಕೂಸಿನ ಗಂಟಲಿನಲ್ಲೂ ಇದೇ ಕಾವಲು ಇದೆ. ಕೂಸನ್ನು ಅಂಗಾತವೇ ಮಲಗಿಸಿ. ಶೀತವಾಗಿದೆ ಎಂದು ಮೂರು ಕಂಬಳಿ ಸುತ್ತಬೇಡಿ, ಅಳುವ ಮಗುವಿನ ಮೂಗು ಹಿಡಿದು ಒಳಲೆಯಲ್ಲಿ ಸುರಿಯಬೇಡಿ.

ಹೀರುವುದು ಎಂದೆನಲ್ಲ, ಅದರಲ್ಲಿ ದೊಡ್ಡ ಗುಟ್ಟಿದೆ. ಕರು ಮೊಲೆ ಚೀಪುವಾಗ ವೇಗಸ್ ನರದ ಆಜ್ಞೆಯಿಂದ ಅದರ ಹೊಟ್ಟೆಯೊಳಗೆ ಒಂದು ತೋಡು ಮಡಚಿಕೊಂಡು ಕೊಳವೆಯಾಗುತ್ತದೆ. ಹಾಲು ಮೊದಲ ಹೊಟ್ಟೆಯನ್ನು ಮುಟ್ಟದೆ ಆ ಕೊಳವೆಯಲ್ಲಿ ಸೀದಾ ನಾಲ್ಕನೆಯ ಹೊಟ್ಟೆಗೆ ಇಳಿದು ಹೆಪ್ಪುಗಟ್ಟಿ ಜೀರ್ಣವಾಗುತ್ತದೆ. ಸೋಂಕಿನಿಂದ ಸೊರಗಿದ ಕರು ಚೀಪುವುದಿಲ್ಲ, ತೋಡು ಮಡಚುವುದಿಲ್ಲ. ಆಗ ಬಲವಂತವಾಗಿ ಕುಡಿಸಿದ ಹಾಲು ಮೊದಲ ಹೊಟ್ಟೆಯಲ್ಲಿ ಬಿದ್ದು ಹುಳಿಯಾಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ಕರುವಿನ ಬಾಯಿಗೆ ತೊಳೆದ ಬೆರಳು ಇಟ್ಟು ನೋಡುವುದು ನನ್ನ ದೃಷ್ಟಿಯಲ್ಲಿ ಥರ್ಮಾಮೀಟರಿಗಿಂತ ಮೊದಲು ಮಾಡಬೇಕಾದ ಪರೀಕ್ಷೆ. ಬೆರಳನ್ನು ಬಲವಾಗಿ, ಲಯವಾಗಿ ಎಳೆದರೆ ನೀರುಗಂಟಿ ಕೆಲಸದ ಮೇಲಿದ್ದಾನೆ. ಬಾಯಿ ತಣ್ಣಗಿದ್ದು, ಬೆರಳನ್ನು ಸುಮ್ಮನೆ ಕಡಿದು ಬಿಟ್ಟರೆ ಅಂದೇ, ಆಗಲೇ ವೈದ್ಯರನ್ನು ಕರೆಸಿ.

ಹೃದಯದ ಬಗ್ಗೆ ಒಂದು ಮಾತು, ವಿದ್ಯಾರ್ಥಿಗಳಿಗಾಗಿ. ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರು ಎಳೆದಾಗ ಕೊಂಚ ವೇಗ, ಬಿಟ್ಟಾಗ ಕೊಂಚ ನಿಧಾನ. ಆ ಏರಿಳಿತ ವೇಗಸ್ಸಿನ ಕೈಬೆರಳಿನ ಕೆಲಸ. ಸೋಂಕು ಹರಡುವಾಗ ಈ ಏರಿಳಿತ ಸವೆದು ಚಪ್ಪಟೆಯಾಗುತ್ತದೆ, ನಡುವೆ ಒಮ್ಮೊಮ್ಮೆ ಬಡಿತ ದಿಢೀರನೆ ಕುಸಿದು ಮತ್ತೆ ಏರುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2001ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳಲ್ಲಿ ಇದನ್ನು ಗುರುತಿಸಿದರು. ಹೊರಗೆ ಲಕ್ಷಣ ಕಾಣುವ ಮೊದಲೇ ಈ ಬದಲಾವಣೆ ಆರಂಭವಾಗಿರುತ್ತಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 3,003 ಶಿಶುಗಳಿದ್ದವು. ಹೃದಯದ ಏರಿಳಿತದ ಎಚ್ಚರಿಕೆಯನ್ನು ವೈದ್ಯರಿಗೆ ತೋರಿಸಿದ ಗುಂಪಿನಲ್ಲಿ ಸಾವು ಶೇಕಡಾ 10.2ರಿಂದ 8.1ಕ್ಕೆ ಇಳಿಯಿತು. ಯಾವ ಹೊಸ ಔಷಧಿಯನ್ನೂ ಕೊಟ್ಟಿರಲಿಲ್ಲ. ನೋಡಬೇಕಾದದ್ದನ್ನು ಬೇಗ ನೋಡಿದರು.

ನಮ್ಮ ಕೊಟ್ಟಿಗೆಗೆ ಆ ಯಂತ್ರ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಎಡ ಮುಂಗಾಲಿನ ಮೊಣಕೈ ಹಿಂದೆ ಅಂಗೈ ಇಟ್ಟರೆ ಕರುವಿನ ಹೃದಯ ಕೈಗೆ ಸಿಗುತ್ತದೆ. ಎಳೆಗರುವಿಗೆ ನಿಮಿಷಕ್ಕೆ 100ರಿಂದ 140 ಬಡಿತ. ದೊಡ್ಡ ಹಸುವಿಗೆ 60ರಿಂದ 80. ಭೇದಿಯಾಗಿ ಸೊರಗಿದ ಕರುವಿನ ಹೃದಯ ವೇಗವಾಗಿರುತ್ತದೆ ಎಂದು ನಾವು ನಿರೀಕ್ಷಿಸುತ್ತೇವೆ. ಅದು 70, 80ಕ್ಕೆ ಇಳಿದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರಬಹುದು, ಸಕ್ಕರೆ ಇಳಿದಿರಬಹುದು, ಇಲ್ಲವೇ ಮೈ ತಣ್ಣಗಾಗಿರಬಹುದು. ಮೂರೂ ಗಂಟೆಗಳ ಲೆಕ್ಕದಲ್ಲಿ ಕೊಲ್ಲುವಂಥವು.

ಉಸಿರು ಎಣಿಸುವಾಗ ಕರುವನ್ನು ಮುಟ್ಟಬೇಡಿ, ಎಬ್ಬಿಸಬೇಡಿ. ನಾಲ್ಕು ಹೆಜ್ಜೆ ದೂರ ನಿಂತು ಪಕ್ಕೆ ಏರಿಳಿಯುವುದನ್ನು ನೋಡಿ. ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ನಮ್ಮವರಲ್ಲೂ ಇದೆ. ದೊಡ್ಡ ದನಕ್ಕೆ ಪರವಾಗಿಲ್ಲ, ಎಳೆಗರುವಿಗೆ ಆಗದು. ಸೋಂಕು ತಗುಲಿದ ಮರಿಯ ಉಸಿರು ಐದಾರು ಸಲ ಬಿರುಸಾಗಿ ಓಡಿ, ನಿಂತು, ಮತ್ತೆ ಓಡುತ್ತದೆ. ಆ ನಿಲುಗಡೆ ನಾವು ಎಣಿಸದ ಮುಕ್ಕಾಲು ನಿಮಿಷದಲ್ಲಿ ಇರುತ್ತದೆ.

ಸೋಂಕು ಬಾರದಂತೆ ನೋಡಿಕೊಳ್ಳುವ ವಿಷಯದಲ್ಲಿ ನೀವು ಅನೇಕ ಸಲ ಕೇಳಿದ್ದನ್ನೇ ಹೇಳಬೇಕು. ಹಸುವಿನ ಮಾಸಿನ ಮೂಲಕ ರೋಗನಿರೋಧಕ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ. ಗಿಣ್ಣು ಹಾಲೇ ಅದರ ಏಕೈಕ ಆಸ್ತಿ. ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ಗಂಟೆಗಳಲ್ಲಿ. ಒಂದು ದಿನದಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ಸತ್ತೆ, ಎಂದರೆ ಮಾಸು, ಬೀಳುವವರೆಗೆ ಗಿಣ್ಣು ಕುಡಿಸಬಾರದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಸತ್ತೆ ಬೀಳಲು ಎಂಟು, ಹತ್ತು ಗಂಟೆ ಆಗಬಹುದು. ಅಷ್ಟರಲ್ಲಿ ಬಾಗಿಲು ಅರ್ಧ ಮುಚ್ಚಿರುತ್ತದೆ. 30 ಕಿಲೋ ಕರುವಿಗೆ ಸುಮಾರು 3 ಲೀಟರ್ ಗಿಣ್ಣು, ಸಾಧ್ಯವಾದಷ್ಟು ಬೇಗ, ಅದೂ ಹೀರಿ ಕುಡಿಯುವಂತೆ. ಕರು ಚೀಪಿದರೆ ಸತ್ತೆಯೂ ಬೇಗ ಬೀಳಲು ಸಹಾಯವಾಗುತ್ತದೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್, ನೆಲಕ್ಕೆ ಒಣಗಿದ ಭತ್ತದ ಹುಲ್ಲು. ಇಷ್ಟನ್ನು ಮಾಡಿದ ಕೊಟ್ಟಿಗೆಗಳಿಗೆ ನಾನು ರಾತ್ರಿ ಹೋಗಬೇಕಾಗಿ ಬಂದದ್ದು ಬಹಳ ಕಡಿಮೆ.

ಮಾತು ಮುಗಿಸಿ ಪ್ರಶ್ನೆ ಕೇಳಿ ಎಂದಾಗ ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಹಾಗಾದರೆ ಸರ್, ಜ್ವರ ಬಂದ ಕರುವಿಗೆ ಜ್ವರ ಇಳಿಸುವ ಔಷಧಿ ಕೊಡಬೇಕೋ ಬೇಡವೋ?" ಒಳ್ಳೆಯ ಪ್ರಶ್ನೆ. 103.5 ಇದ್ದು, ಕರು ಚೀಪುತ್ತಾ, ಕಿವಿ ಎತ್ತಿಕೊಂಡಿದ್ದರೆ ಜ್ವರವನ್ನು ಅದರ ಪಾಡಿಗೆ ಬಿಟ್ಟು ಸೋಂಕಿಗೆ ಚಿಕಿತ್ಸೆ ಕೊಡುವವನು ನಾನು. 105 ದಾಟಿ ಏದುಸಿರು ಬಿಡುತ್ತಿದ್ದರೆ ಇಳಿಸುತ್ತೇನೆ. ಭೇದಿಯಾಗಿ ನೀರು ಬತ್ತಿದ ಕರುವಿಗೆ ಮೊದಲು ನೀರು, ಲವಣ. ಆಮೇಲೆ ಮಾತ್ರ ಆ ಔಷಧಿ. ಬತ್ತಿದ ಮೈಯಲ್ಲಿ ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ತಣ್ಣೀರು ಸುರಿಯುವುದಂತೂ ಬೇಡವೇ ಬೇಡ. ಚರ್ಮಕ್ಕೆ ಚಳಿ ತಾಕಿದೊಡನೆ ನೀರುಗಂಟಿ ಇರುವ ತೂಬನ್ನೆಲ್ಲ ಮುಚ್ಚಿ, ಒಳಗಿನ ಬೆಂಕಿಯನ್ನು ಇನ್ನಷ್ಟು ಊದುತ್ತಾನೆ.

ಹಿಂದೆ ಕುಳಿತಿದ್ದ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ಇಂಥ ಕರುವಿಗೆ ಬರೆ ಹಾಕುತ್ತಿದ್ದೆವು, ಕೆಲವು ಎದ್ದು ನಿಲ್ಲುತ್ತಿದ್ದವು ಸ್ವಾಮಿ" ಎಂದರು. ಎದ್ದು ನಿಲ್ಲುವುದು ನಿಜ ಗೌಡರೇ. ಕಾದ ಕಬ್ಬಿಣ ತಾಕಿದರೆ ಸಿಂಪಥೆಟಿಕ್ ಕೈ ಇರುವ ಶಕ್ತಿಯನ್ನೆಲ್ಲ ಒಮ್ಮೆಗೇ ಎತ್ತಿ ಸುರಿಯುತ್ತದೆ. ಹೃದಯ ಓಡುತ್ತದೆ, ಸಕ್ಕರೆ ಏರುತ್ತದೆ, ಕರು ಎದ್ದು ನಿಲ್ಲುತ್ತದೆ. ನಾಳೆಗೆ ಬೇಕಾದ ಬಂಡವಾಳ ಅಂದೇ ಖಾಲಿಯಾಗಿರುತ್ತದೆ, ಸುಟ್ಟ ಗಾಯದಿಂದ ಹೊಸ ಸೋಂಕಿಗೆ ದಾರಿಯೂ ಆಗಿರುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎದ್ದದ್ದಷ್ಟೇ ನೆನಪಿದೆ, ಆಮೇಲೆ ಏನಾಯಿತೋ ನೆನಪಿಲ್ಲ" ಎಂದರು.

ಎಲ್ಲರೂ ಏಳುವಾಗ ಒಬ್ಬ ಹೆಣ್ಣುಮಗಳು ಬಂದು, "ನಿನ್ನೆ ರಾತ್ರಿ ನಮ್ಮ ಹಸು ಈಯಿತು. ಕರು ಚೆನ್ನಾಗಿದೆ ಅನ್ನಿಸುತ್ತದೆ. ಆದರೂ ಒಂದು ಸಲ ನೋಡುತ್ತೀರಾ ಅಣ್ಣ?" ಎಂದರು. ಡೇರಿಯಿಂದ ನಾಲ್ಕನೆಯ ಮನೆ. ವಿದ್ಯಾರ್ಥಿಗಳೂ ಹಿಂದೆಯೇ ಬಂದರು. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಮೇಲೆ ಕಂದು ಬಣ್ಣದ ಹೋರಿಗರು ಕಾಲು ಮಡಚಿ ಮಲಗಿತ್ತು. ಯಾರೂ ಮುಟ್ಟಬೇಡಿ ಎಂದೆ. ಆ ಹೆಣ್ಣುಮಗಳೇ ಮೊಬೈಲಿನಲ್ಲಿ ಹೊತ್ತು ನೋಡುತ್ತಾ ಪಕ್ಕೆ ಏರುವುದನ್ನು ಒಂದು ನಿಮಿಷ ಎಣಿಸಿದರು. ಮೂವತ್ತೆಂಟು. ನಡುವೆ ಎಲ್ಲೂ ನಿಲ್ಲಲಿಲ್ಲ. ಕೈ ತೊಳೆದು ಬಂದು ಬೆರಳನ್ನು ಅದರ ಬಾಯಿಗೆ ಇಟ್ಟರು. ಕರು ಕಣ್ಣು ಬಿಡುವ ಮೊದಲೇ ಚೀಪತೊಡಗಿತು.